ಉದ್ದ ಜಿಗಿತದಲ್ಲಿ ಮಕ್ಕಳು ಪದೇ ಪದೇ ಫೌಲ್ ಆಗುವುದೇಕೆ?

ಪ್ರಶ್ನೆ: ನರಗುಂದ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದೇನೆ. ಆರು, ಏಳನೇ ತರಗತಿಯ ಮಕ್ಕಳು ಚೆನ್ನಾಗಿ ಓಡುತ್ತಾರೆ, ಆದರೆ ಉದ್ದ ಜಿಗಿತದಲ್ಲಿ ಜಿಗಿಯುವ ಪಟ್ಟಿ ದಾಟಿ ಕಾಲಿಟ್ಟು ಫೌಲ್ ಆಗುವುದೇ ಹೆಚ್ಚು. ಕೆಲವರು ಪಟ್ಟಿ ಹತ್ತಿರ ಬಂದ ಕೂಡಲೇ ಪುಟ್ಟ ಪುಟ್ಟ ಹೆಜ್ಜೆ ಹಾಕಿ ವೇಗ ಕಳೆದುಕೊಳ್ಳುತ್ತಾರೆ. ನಮ್ಮದು ಎರಿ ನೆಲ, ಮಳೆಯಾದರೆ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಏನು ಮಾಡಬೇಕು?

ಉತ್ತರ: ಮೇಡಂ, ಫೌಲ್ ಕಾಣುವುದು ಪಟ್ಟಿಯಲ್ಲಿ, ತಪ್ಪಿರುವುದು ಓಟ ಶುರುವಾಗುವ ಜಾಗದಲ್ಲಿ. ಮಗು ಒಮ್ಮೆ ನಿಂತಲ್ಲಿಂದ, ಒಮ್ಮೆ ನಾಲ್ಕು ಹೆಜ್ಜೆ ನಡೆದು ಓಡಿದರೆ ಪಟ್ಟಿ ಸಿಗುವುದು ಅದೃಷ್ಟದ ಮೇಲೆ. ಆಗ "ಪಟ್ಟಿ ನೋಡು" ಎಂದು ಕೂಗಬೇಡಿ. ಕಣ್ಣು ಕೆಳಗಿಳಿದರೆ ಹೆಜ್ಜೆ ಕುಗ್ಗುತ್ತದೆ, ಜಿಗಿತ ಚಪ್ಪಟೆಯಾಗುತ್ತದೆ. ನೋಟ ಗುಂಡಿಯಾಚೆ ತಲೆಯೆತ್ತರದಲ್ಲಿರಲಿ.

ಮೊದಲು ಜಿಗಿಯುವ ಕಾಲು ಯಾವುದೆಂದು ತಿಳಿಯಿರಿ. ಮೊಣಕಾಲಿಗಿಂತ ಕೆಳಗೆ ಹಗ್ಗ ಹಿಡಿಸಿ, ಓಡಿ ಬಂದು ದಾಟಲು ಹೇಳಿದರೆ ಮಗು ತಾನಾಗಿಯೇ ಊರುವ ಕಾಲು ಗೊತ್ತಾಗುತ್ತದೆ. ಈ ವಯಸ್ಸಿಗೆ 9 ಹೆಜ್ಜೆಯ ಓಟ ಸಾಕು. ಮಗುವನ್ನು ಪಟ್ಟಿಯ ಮೇಲೆ ಗುಂಡಿಗೆ ಬೆನ್ನು ಮಾಡಿ ನಿಲ್ಲಿಸಿ, ಪೂರ್ಣ ವೇಗದಲ್ಲಿ ಗುಂಡಿಯಿಂದ ದೂರಕ್ಕೆ ಓಡಿಸಿ. ಒಂಬತ್ತನೇ ಹೆಜ್ಜೆ ಬಿದ್ದಲ್ಲಿ ಇನ್ನೊಂದು ಮಗು ಸುಣ್ಣದ ಗುರುತು ಹಾಕಲಿ. ನಾಲ್ಕೈದು ಸಲ ಓಡಿಸಿ, ಗುರುತುಗಳು ಒತ್ತಾಗಿ ಬಿದ್ದ ಜಾಗವೇ ಆರಂಭ. ಇಲ್ಲೊಂದು ಸೂಕ್ಷ್ಮವಿದೆ: ಹೆಜ್ಜೆಗಳು ಬೆಸವಾಗಿದ್ದರೆ ಮೊದಲ ಹೆಜ್ಜೆ ಜಿಗಿಯುವ ಕಾಲಿನದೇ ಆಗಬೇಕು. ಅಂದರೆ ನಿಲ್ಲುವಾಗ ಇನ್ನೊಂದು ಕಾಲು ಮುಂದಿರಬೇಕು. ಇದನ್ನು ಮರೆತರೆ ಅಳತೆಯೆಲ್ಲ ವ್ಯರ್ಥ.

ನಂತರ ಪಟ್ಟಿಯ ಪಕ್ಕ ಕುಳಿತು ಕಾಲಿನ ತುದಿಯನ್ನೇ ಗಮನಿಸಿ. ಮೂರು ಓಟದಲ್ಲೂ 20 ಸೆಂ.ಮೀ. ಮುಂದೆ ಬಿದ್ದರೆ ಆರಂಭದ ಗುರುತನ್ನು 20 ಸೆಂ.ಮೀ. ಹಿಂದಕ್ಕೆ ಸರಿಸಿ. ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಿದ್ದರೆ ಗುರುತು ಮುಟ್ಟಬೇಡಿ, ಮೊದಲೆರಡು ಹೆಜ್ಜೆ ಒಂದೇ ತೆರನಾಗಿ ಬರುವಂತೆ ಮಾಡಿಸಿ. ಎದುರುಗಾಳಿ ಇದ್ದರೆ, ನೆಲ ಹಸಿಯಾಗಿದ್ದರೆ ಹೆಜ್ಜೆ ಕಿರಿದಾಗುತ್ತದೆ, ಆಗ ಗುರುತು ಮುಂದಕ್ಕೆ ಬರಲಿ. ತಾಲೂಕು ಮಟ್ಟದ ಕೂಟಕ್ಕೆ ಹೋಗುವಾಗ ಪ್ರತಿ ಮಗುವಿನ ಅಳತೆ ಬರೆದುಕೊಂಡು ಟೇಪ್ ಒಯ್ಯಿರಿ.

ಆರಂಭಿಕರಿಗೆ 20 ಸೆಂ.ಮೀ. ಪಟ್ಟಿಯ ಬದಲು 80 ಸೆಂ.ಮೀ. ಅಗಲದ ಸುಣ್ಣದ ವಲಯ ಹಾಕಿ, ಕಾಲು ಊರಿದ ಜಾಗದಿಂದಲೇ ಅಳೆಯಿರಿ. ಫೌಲ್ ಭಯ ಹೋದರೆ ವೇಗ ತಾನೇ ಬರುತ್ತದೆ. ಇಳಿಯುವಾಗ ಕೈ ಹಿಂದಕ್ಕೆ ಊರಿದರೆ ಅಳತೆ ಅಲ್ಲಿಂದಲೇ ಎಂಬುದನ್ನೂ ತೋರಿಸಿಕೊಡಿ.

ಗುಂಡಿ 2.75 ಮೀ. ಅಗಲ, 6 ಮೀ. ಉದ್ದ, 40 ಸೆಂ.ಮೀ. ಆಳ ಇದ್ದರೆ ಶಾಲೆಗೆ ಸಾಕು. ಇದಕ್ಕೆ ಸುಮಾರು 235 ಘನ ಅಡಿ ಮರಳು ಬೇಕು. ಎರಿ ಮಣ್ಣು ನೀರು ಇಂಗಿಸುವುದಿಲ್ಲ. ಅದಕ್ಕೇ ತಳವನ್ನು ಒಂದು ಮೂಲೆಗೆ ಇಳಿಜಾರು ಮಾಡಿ, ಅಲ್ಲಿಂದ ಹೊರಕ್ಕೆ ಕಾಲುವೆ ತೋಡಿ. ಎರಿ ಬೆರೆತ ಮರಳು ಒಣಗಿದರೆ ಹೆಂಟೆಯಂತೆ ಗಟ್ಟಿಯಾಗುತ್ತದೆ, ಆದ್ದರಿಂದ ಅಭ್ಯಾಸಕ್ಕೆ ಮೊದಲು ಪ್ರತಿ ಸಲ ಗುದ್ದಲಿಯಿಂದ ಅಡಿಯವರೆಗೆ ಸಡಿಲಿಸಿ, ಗಾಜು, ಕಲ್ಲು ಆರಿಸಿ. ಓಟದ ಹಾದಿಗೆ ಗರಸು ಹಾಕಿ, ನೀರು ಹೊಡೆದು ದಮ್ಮಸು ಮಾಡಿಸಿ, ಇಲ್ಲವಾದರೆ ಬೇಸಿಗೆಯ ಬಿರುಕಿನಲ್ಲಿ ಪಾದ ಸಿಕ್ಕಿಕೊಳ್ಳುತ್ತದೆ.

ವಾರಕ್ಕೆ ಎರಡು ದಿನ, ದಿನಕ್ಕೆ ಎಂಟು ಪೂರ್ಣ ಜಿಗಿತ ಮೀರದಿರಲಿ. ಹಿಮ್ಮಡಿ ನೋವು ಎಂದ ಮಗುವನ್ನು ಅಂದೇ ಜಿಗಿತದಿಂದ ಬಿಡಿಸಿ. ಈ ವಯಸ್ಸಿನಲ್ಲಿ ಹಿಮ್ಮಡಿಯ ಎಲುಬು ಇನ್ನೂ ಬೆಳೆಯುತ್ತಿರುತ್ತದೆ.