ಅಮೆರಿಕದ ಅಂತರ್ಯುದ್ಧ: ರಾಜ್ಯಗಳ ಹಕ್ಕೋ, ಗುಲಾಮಗಿರಿಯೋ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ, ಅಲ್ಲಿನ ಅಂತರ್ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲ ಅಂತ ವಾದ ಮಾಡುತ್ತಾನೆ. ನಾವು ಶಾಲೆಯಲ್ಲಿ ಓದಿದ್ದು ಬೇರೆ. ಯಾವುದು ನಿಜ? ಕೂತು ಮಾತಾಡಿ ಬಗೆಹರಿಸಲು ಆಗುತ್ತಿರಲಿಲ್ಲವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಶಾಲೆಯಲ್ಲಿ ಓದಿದ್ದೇ ಸರಿ. ನನ್ನ ಮಾತು ಬೇಡ, ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳು ಅಮೆರಿಕದ ಒಕ್ಕೂಟ ಬಿಟ್ಟು ಹೊರಟಾಗ ತಾವೇ ಬರೆದಿಟ್ಟ ಕಾಗದ ನೋಡಿ. ಮಿಸಿಸಿಪ್ಪಿ ರಾಜ್ಯದ ಘೋಷಣೆಯ ಶುರುವಿನಲ್ಲೇ ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಎಂದಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ.

ಇನ್ನು ರಾಜ್ಯಗಳ ಹಕ್ಕಿನ ಮಾತು. 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಾನೂನು ಬಿಗಿಯಾಯಿತು. ಅದನ್ನು ಮಾಡಿಸಿಕೊಂಡದ್ದು ದಕ್ಷಿಣದವರು, ಜಾರಿ ಮಾಡಬೇಕಾದದ್ದು ಕೇಂದ್ರ ಸರ್ಕಾರ. ಸಿಕ್ಕಿಬಿದ್ದವನು ತನ್ನ ಪರವಾಗಿ ಸಾಕ್ಷಿ ಹೇಳುವಂತಿರಲಿಲ್ಲ. ವಿಚಾರಣೆ ಮಾಡುವ ಕಮಿಷನರ್ ಅವನನ್ನು ವಾಪಸ್ ಕಳಿಸಿದರೆ 10 ಡಾಲರ್, ಬಿಟ್ಟುಬಿಟ್ಟರೆ 5 ಡಾಲರ್. ಇದು ಕಾನೂನಿನಲ್ಲೇ ಬರೆದಿದ್ದ ದರ. ಎಷ್ಟು ಸಲ ಓದಿದರೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1854ರಲ್ಲಿ ಬಾಸ್ಟನ್‌ನಲ್ಲಿ ಆಂಟನಿ ಬರ್ನ್ಸ್ ಎಂಬ ಇಪ್ಪತ್ತರ ಹುಡುಗ ಸಿಕ್ಕಿಬಿದ್ದ. ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದ. ಕಳ್ಳತನದ ನೆಪ ಹೇಳಿ ಹಿಡಿದರು. ಜೂನ್ 2ರಂದು ಸೈನಿಕರ ಸಾಲಿನ ನಡುವೆ ಅವನನ್ನು ಹಡಗಿನ ಕಡೆಗೆ ನಡೆಸಿಕೊಂಡು ಹೋಗುವಾಗ ಬೀದಿಯ ಎರಡೂ ಬದಿ ಸಾವಿರಾರು ಜನ ನಿಂತಿದ್ದರು, ಕಟ್ಟಡಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು, ಒಂದು ಕಡೆ 'ಸ್ವಾತಂತ್ರ್ಯ' ಎಂದು ಬರೆದ ಶವಪೆಟ್ಟಿಗೆಯನ್ನೇ ತೂಗುಹಾಕಿದ್ದರು. ಅಲ್ಲಿಯವರೆಗೆ ನಮಗ್ಯಾಕೆ ಅಂತ ಸುಮ್ನೆ ಇದ್ದ ಎಷ್ಟೋ ಜನ ಅವತ್ತು ಬದಲಾದರು. ಉತ್ತರದ ರಾಜ್ಯಗಳು ಈ ಕೆಲಸಕ್ಕೆ ನಾವು ಸಹಾಯ ಮಾಡುವುದಿಲ್ಲ ಅಂತ ತಮ್ಮದೇ ಕಾನೂನು ಮಾಡಿಕೊಂಡವು. ಅಂದರೆ ರಾಜ್ಯದ ಹಕ್ಕು ಬಳಸಿದ್ದು ಅವು, ಅಲ್ವಾ? 1860ರ ಡಿಸೆಂಬರ್‌ನಲ್ಲಿ ಮೊದಲು ಹೊರನಡೆದ ಸೌತ್ ಕ್ಯಾರೊಲೈನಾ ದೊಡ್ಡ ದೂರು ಎಂದು ಬರೆದದ್ದು ಇದನ್ನೇ. ನಿಮ್ಮ ಅಕ್ಕನ ಮಗನಿಗೆ ಇದೊಂದನ್ನು ಓದಲು ಹೇಳಿ.

ಮಾತಾಡಿ ಬಗೆಹರಿಸಲು ನಲವತ್ತು ವರ್ಷ ನೋಡಿದರು. 1820ರಲ್ಲಿ ನಕ್ಷೆಯ ಮೇಲೆ ಗೆರೆ ಎಳೆದು, ಪಶ್ಚಿಮದ ಹೊಸ ಜಾಗದಲ್ಲಿ ಗೆರೆಯ ಮೇಲೆ ಗುಲಾಮಗಿರಿ ಇಲ್ಲ, ಕೆಳಗೆ ಇರಬಹುದು ಎಂದರು. ಮಿಸೌರಿಗೆ ಮಾತ್ರ ವಿನಾಯಿತಿ. ಪ್ರತಿ ಹೊಸ ರಾಜ್ಯಕ್ಕೂ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಎರಡು ಸೀಟು, ಹಾಗಾಗಿ ಒಂದೊಂದು ರಾಜ್ಯ ಸೇರುವಾಗಲೂ ಜಗಳ. ಮೆಕ್ಸಿಕೋದಿಂದ ಗೆದ್ದ ನೆಲ ಬಂದ ಮೇಲೆ ಜಗಳ ಇನ್ನೂ ಜಾಸ್ತಿಯಾಯಿತು. 1854ರಲ್ಲಿ ಸೆನೆಟರ್ ಡಗ್ಲಸ್ ಆ ಗೆರೆಯನ್ನೇ ಅಳಿಸಿ, ಅಲ್ಲಿನ ಜನವೇ ತೀರ್ಮಾನಿಸಲಿ ಎಂಬ ಕಾನೂನು ತಂದರು. ಅಂಥ ಹೊಸ ಪ್ರದೇಶವಾದ ಕಾನ್ಸಾಸ್‌ಗೆ ಎರಡೂ ಕಡೆಯವರು ಬಂದೂಕು ಹಿಡಿದು ಬಂದರು. ಗುಲಾಮಗಿರಿಯ ಪರ ಇದ್ದವರು ಪಕ್ಕದ ಮಿಸೌರಿಯಿಂದ ಗಡಿ ದಾಟಿ ಬಂದು ವೋಟು ಹಾಕಿ ಹೋದರು. 1856ರ ಮೇನಲ್ಲಿ ಇದನ್ನು ಖಂಡಿಸಿ ಮಾತಾಡಿದ ಸೆನೆಟರ್ ಸಮ್ನರ್ ಮೇಲೆ ದಕ್ಷಿಣದ ಸಂಸದ ಬ್ರೂಕ್ಸ್ ಸೆನೆಟ್ ಒಳಗೇ ಕೈಗೋಲಿನಿಂದ ಹೊಡೆದ. ಸಮ್ನರ್ ಕೆಲಸಕ್ಕೆ ಪೂರ್ತಿ ಮರಳಲು ಮೂರು ವರ್ಷ ಬೇಕಾಯಿತು. ಬ್ರೂಕ್ಸ್‌ಗೆ ಅವನ ಅಭಿಮಾನಿಗಳು ಹೊಸ ಕೋಲುಗಳನ್ನು ಕಳಿಸಿದರು. ಮರುವರ್ಷ, ಬಿಡುಗಡೆ ಕೇಳಿದ್ದ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಕರಿಯರು ದೇಶದ ಪ್ರಜೆಗಳೇ ಅಲ್ಲ, ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ಇಲ್ಲ ಎಂದಿತು. ಇನ್ನು ಮಾತುಕತೆಗೆ ಉಳಿದದ್ದೇನು?

ಒಂದು ಮಾತು ಮಾತ್ರ ನಿಜ. ಉತ್ತರದವರು ಗುಲಾಮರನ್ನು ಬಿಡಿಸಬೇಕೆಂದು ಯುದ್ಧ ಶುರು ಮಾಡಲಿಲ್ಲ, ಒಕ್ಕೂಟ ಉಳಿಸಬೇಕೆಂದು ಹೋದರು. 1860ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ ಲಿಂಕನ್ ಕೂಡ ಇರುವ ಕಡೆ ಗುಲಾಮಗಿರಿ ಮುಟ್ಟುವುದಿಲ್ಲ, ಹರಡಲು ಬಿಡುವುದಿಲ್ಲ ಎಂದಷ್ಟೇ ಹೇಳಿದ್ದರು. ಅಷ್ಟನ್ನೂ ದಕ್ಷಿಣ ಸಹಿಸಲಿಲ್ಲ. ಅವತ್ತು ಅಲ್ಲಿ ಗುಲಾಮರಾಗಿದ್ದವರು ಸುಮಾರು 40 ಲಕ್ಷ ಜನ. ಈ ಚರ್ಚೆಯಲ್ಲಿ ಅವರನ್ನು ಮರೆತು ಗೆರೆ, ಸೀಟು, ಹಕ್ಕು ಅಂತಲೇ ಮಾತಾಡುವುದು ನನಗೆ ಬೇಸರ ತರುತ್ತದೆ.

ಪ್ರಶ್ನೆ: ಆ ಯುದ್ಧಕ್ಕೂ ನಮ್ಮ ಧಾರವಾಡದ ಹತ್ತಿಗೂ ನಂಟಿತ್ತಂತೆ, ಹೌದಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೌದು. ಇಂಗ್ಲೆಂಡಿನ ಗಿರಣಿಗಳಿಗೆ ಮುಕ್ಕಾಲು ಪಾಲು ಹತ್ತಿ ಹೋಗುತ್ತಿದ್ದದ್ದು ಅಮೆರಿಕದ ದಕ್ಷಿಣದಿಂದ, ಗುಲಾಮರು ಬಿಡಿಸಿದ ಹತ್ತಿ ಅದು. 1861ರಲ್ಲಿ ಯುದ್ಧ ಶುರುವಾಗಿ ಬಂದರುಗಳು ಬಂದ್ ಆದಾಗ ಅವರ ಕಣ್ಣು ಮುಂಬೈ ಪ್ರಾಂತ್ಯದ ಕಡೆ ತಿರುಗಿತು. ಧಾರವಾಡದ ಕಡೆ 1840ರ ದಶಕದಲ್ಲೇ ಅಮೆರಿಕದ ಬೀಜ ತಂದು ಬಿತ್ತಿಸಿದ್ದರು, ಹಾಗಾಗಿ ಇಲ್ಲಿನ ಹತ್ತಿಗೆ ಒಳ್ಳೆ ಬೇಡಿಕೆ ಬಂತು, ಬೆಲೆ ಏರಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು.