ಐದು ಜನ, ಎರಡು ಟಿಕೆಟ್

ಪ್ರಶ್ನೆ: ನಾವು ಹಾವೇರಿಯವರು. ರಜೆಗೆ ಮೂರು ದಿನ ಬೆಂಗಳೂರು ನೋಡೋಣ ಅಂತಿದ್ದೇವೆ. ನಾನು, ನಮ್ಮ ಮನೆಯವರು, ಅತ್ತೆ, 13 ವರ್ಷದ ಮಗ, 8 ವರ್ಷದ ಮಗಳು. ಹೋದ ಸಲ ಬಂದಾಗ ಊಟಕ್ಕಿಂತ ಆಟೋಗೇ ಜಾಸ್ತಿ ಖರ್ಚಾಯಿತು. ಈ ಸಲ ಮೆಟ್ರೊದಲ್ಲೇ ಓಡಾಡೋಣ, ಅದೇ ಅಗ್ಗ ಅಂತ ಮನೆಯವರು ಹೇಳುತ್ತಿದ್ದಾರೆ. ಸ್ಮಾರ್ಟ್ ಕಾರ್ಡ್ ಮಾಡಿಸಿದರೆ ಉಳಿತಾಯ ಆಗುತ್ತಾ? ಊರಾಚೆ ಒಂದು ರೂಮು ಕಡಿಮೆ ಬಾಡಿಗೆಗೆ ಸಿಗುತ್ತಿದೆ, ಹಿಡಿಯಬಹುದಾ?

ಉತ್ತರ: ಅಕ್ಕಾ, ನಿಮ್ಮ ಮನೆಯವರಿಗೆ ಬೇಜಾರಾಗಬಾರದು, ಆದರೆ ಅವರ ಲೆಕ್ಕ ಒಬ್ಬರೇ ಓಡಾಡುವವರ ಲೆಕ್ಕ. ನೀವು ಐದು ಜನ. ಮೊದಲು ತಲೆ ಎಣಿಸಿ, ಆಮೇಲೆ ಗಾಡಿ ನೋಡಿ.

ಮೆಟ್ರೊದಲ್ಲಿ ಹಾಫ್ ಟಿಕೆಟ್ ಅನ್ನುವುದೇ ಇಲ್ಲ. ಮೂರು ಅಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಮಾತ್ರ ಫ್ರೀ, ನಿಮ್ಮ ಮಗಳು ಅದನ್ನು ದಾಟಿ ಎಷ್ಟೋ ದಿನವಾಗಿರುತ್ತದೆ. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಕನಿಷ್ಠ ಟಿಕೆಟ್ 10 ರೂಪಾಯಿ, ಗರಿಷ್ಠ 90. ಏಳು ಕಿಲೋಮೀಟರ್ ಹೋದರೆ ಒಬ್ಬರಿಗೆ 40. ಐದು ಜನಕ್ಕೆ 200, ವಾಪಸ್ ಬರೋಕೆ ಇನ್ನೊಂದು 200. ಅಷ್ಟೇ ದೂರಕ್ಕೆ ಸಾದಾ ಬಿಎಂಟಿಸಿ ಬಸ್ಸು ಹತ್ತಿದರೆ? ನಿಮಗೆ ಫ್ರೀ, ಅತ್ತೆಗೆ ಫ್ರೀ, ಮಗಳಿಗೂ ಫ್ರೀ. 2023ರ ಜೂನ್ 11ರಂದು ಶುರುವಾದ, ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ ಯೋಜನೆ ಊರಿಂದ ಊರಿಗೆ ಹೋಗುವ ಕೆಂಪು ಬಸ್ಸಿಗೆ ಮಾತ್ರ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ, ಬೆಂಗಳೂರಿನ ಸಿಟಿ ಬಸ್ಸಿಗೂ ಅದು ಇದೆ. ಅಪ್ಪ ಮಗ ಇಬ್ಬರು ಮಾತ್ರ ಟಿಕೆಟ್ ತಗೊಂಡರೆ ಸಾಕು, ಇಬ್ಬರದ್ದೂ ಸೇರಿ ಐವತ್ತರ ಸುತ್ತಮುತ್ತ ಆಗುತ್ತದೆ.

ಅವರಿಬ್ಬರಿಗೂ ದಿನದ ಪಾಸ್ ಇದೆ, ಸಾದಾ ಬಸ್ಸಿಗೆ ತಲಾ 80 ರೂಪಾಯಿ. ದಿನಕ್ಕೆ ನಾಲ್ಕೈದು ಬಸ್ಸು ಹತ್ತುವುದಿದ್ದರೆ ತಗೊಳ್ಳಿ, ಒಂದೇ ಜಾಗಕ್ಕೆ ಹೋಗಿ ಬರೋದಾದರೆ ಬೇಡ. ತಗೊಳ್ಳೋದಾದರೆ ಬೆಳಗಿನ ಮೊದಲ ಬಸ್ಸಿನಲ್ಲೇ ತಗೊಳ್ಳಿ, ಮಧ್ಯಾಹ್ನ ತಗೊಂಡರೂ ಅದು ಆ ದಿನಕ್ಕಷ್ಟೇ. ನಿಮಗೂ ಅತ್ತೆಗೂ ಪಾಸ್ ಮಾಡಿಸೋಕೆ ಹೋಗಬೇಡಿ. ಕೇಳಿದರೆ ನಗು ಬರಬಹುದು, ನಮ್ಮ ಅಣ್ಣ ಹಾಗೇ ಮಾಡಿದ್ದ, ಗಡಿಬಿಡಿಯಲ್ಲಿ ನಾಲ್ಕು ಪಾಸ್ ಕೊಡಿ ಅಂದುಬಿಟ್ಟ, ಅದರಲ್ಲಿ ಎರಡು ಅತ್ತಿಗೆ ಮತ್ತು ಅಮ್ಮನದ್ದು.

ಒಂದು ವಿಷಯ ಮಾತ್ರ ಗಟ್ಟಿ ನೆನಪಿಟ್ಟುಕೊಳ್ಳಿ. ಏಸಿ ಬಸ್ಸಿಗೆ ಶಕ್ತಿ ಇಲ್ಲ. ಅದೇ ಅಣ್ಣನ ಸಂಸಾರವನ್ನು ನಾನೇ ಕರಕೊಂಡು ಹೊರಟಿದ್ದೆ. ಬಿಸಿಲು, ಅರ್ಧ ಗಂಟೆ ಕಾದಿದ್ದೆವು, ನೀಲಿ ವಜ್ರ ಬಸ್ಸು ಬಂತು, ಹತ್ತಿಬಿಟ್ಟೆವು. ಅಮ್ಮ ತಣ್ಣಗೆ ಕೂತು, ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಕವರಿನೊಳಗಿಂದ ಆಧಾರ್ ಕಾರ್ಡ್ ತೆಗೆದು ಕಂಡಕ್ಟರ್ ಮುಂದೆ ಹಿಡಿದಳು. ಆತ ಪಾಪ ಮೆತ್ತಗೆ, 'ಅಮ್ಮಾ ಇದು ಏಸಿ ಗಾಡಿ, ಇದರಲ್ಲಿ ನಡೆಯಲ್ಲ' ಅಂದ. ಎಲ್ಲರದ್ದೂ ಟಿಕೆಟ್ ನಾನೇ ತೆಗೆಸಿದೆ. ಅಮ್ಮ ಇಳಿಯೋವರೆಗೂ ಮಾತಾಡಲಿಲ್ಲ, ಆಮೇಲೆ 'ಫ್ಯಾನ್ ಚೆನ್ನಾಗಿತ್ತು ಬಿಡು' ಅಂದಳು. ಹಾಗಾಗಿ ಹತ್ತುವ ಮುಂಚೆಯೇ ಕೇಳಿ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಮೂವರದ್ದೂ ಕೈಗೆ ಸಿಗುವ ಹಾಗಿರಲಿ, ಮಗಳದ್ದು ಕೂಡ. ದುಡ್ಡಿಲ್ಲ ಅಂದ ಮಾತ್ರಕ್ಕೆ ಟಿಕೆಟ್ ಬೇಡ ಅಂತಲ್ಲ, ಶೂನ್ಯ ಟಿಕೆಟ್ ಕೇಳಿ ತಗೊಳ್ಳಿ, ಇಳಿಯೋವರೆಗೆ ಬಿಸಾಡಬೇಡಿ.

ಸ್ಮಾರ್ಟ್ ಕಾರ್ಡ್ ನಿಮಗೆ ಬೇಡ. ಕಾರ್ಡಿಗೆ 50 ರೂಪಾಯಿ, ಒಬ್ಬೊಬ್ಬರಿಗೂ ಬೇರೆ ಬೇರೆ ಬೇಕು, ಒಂದೇ ಕಾರ್ಡಿನಲ್ಲಿ ಐದು ಜನ ಒಳಗೆ ಹೋಗೋಕೆ ಆಗಲ್ಲ. ಸಿಗುವ ರಿಯಾಯಿತಿ ನೂರಕ್ಕೆ ಐದು. 40ರ ಟಿಕೆಟ್‌ನಲ್ಲಿ ಎರಡು ರೂಪಾಯಿ ಉಳಿಯುತ್ತದೆ, ಕಾರ್ಡಿನ ದುಡ್ಡು ಹುಟ್ಟಬೇಕಾದರೆ 25 ಸಲ ಓಡಾಡಬೇಕು. ಭಾನುವಾರ ಪೂರ್ತಿ, ಉಳಿದ ದಿನ ಮಧ್ಯಾಹ್ನ 12ರಿಂದ 4ರವರೆಗೆ ರಿಯಾಯಿತಿ ನೂರಕ್ಕೆ ಹತ್ತು ಆಗುತ್ತದೆ ನಿಜ, ಆದರೂ ಮೂರು ದಿನದಲ್ಲಿ ಹುಟ್ಟಲ್ಲ. ದಿನಾ ಆಫೀಸಿಗೆ ಹೋಗುವವರು ಮಾಡಿಸಲಿ ಬಿಡಿ. ನೀವು ಮೊಬೈಲಿನಲ್ಲೇ ಕ್ಯೂಆರ್ ಟಿಕೆಟ್ ತಗೊಳ್ಳಿ, ಒಂದೇ ಫೋನಿನಲ್ಲಿ ಆರು ಜನರ ತನಕ ಬರುತ್ತದೆ.

ಮೆಟ್ರೊ ಹತ್ತಲೇಬೇಡಿ ಅಂತಲ್ಲ. ಮಕ್ಕಳಿಗೆ ಅದೇ ಒಂದು ಜಾತ್ರೆ. ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕ್ ಮೂರನೇ ಸ್ಟೇಷನ್, ಅಲ್ಲಿ ಇಳಿದರೆ ಪಾರ್ಕು, ವಿಶ್ವೇಶ್ವರಯ್ಯ ಮ್ಯೂಸಿಯಂ, ವಿಧಾನಸೌಧ ಎಲ್ಲ ನಡೆದೇ ಮುಗಿಸಬಹುದು. ಲಾಲ್‌ಬಾಗಿಗೂ ಹಸಿರು ಮಾರ್ಗದಲ್ಲಿ ಸ್ಟೇಷನ್ ಇದೆ. ಸಂಜೆ ಐದರ ಮೇಲೆ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತೇ ಇರುತ್ತದಲ್ಲ, ಆಗ ಮಗಳು ತೂಕಡಿಸುತ್ತಿದ್ದರೆ ನೂರಿನ್ನೂರು ಹೋಗಲಿ ಅಂತ ಮೆಟ್ರೊ ಹಿಡಿಯಿರಿ. ಬನ್ನೇರುಘಟ್ಟಕ್ಕೆ ಮಾತ್ರ ಬಸ್ಸೇ ಗತಿ, ಮೆಜೆಸ್ಟಿಕ್‌ನಿಂದ 365. ಬೇಗ ಹೊರಡಿ. ಮಂಗಳವಾರ ಹೋಗಬೇಡಿ, ರಜೆ.

ರೂಮಿನ ವಿಷಯ. ಹನ್ನೆರಡು ಕಿಲೋಮೀಟರ್ ಆಚೆ ರೂಮು ಹಿಡಿದು ಮೆಟ್ರೊ ನಂಬಿಕೊಂಡರೆ ಒಬ್ಬರಿಗೆ 60, ಐವರಿಗೆ 300, ಹೋಗಿ ಬರೋಕೆ ದಿನಕ್ಕೆ 600. ಬಾಡಿಗೆಯಲ್ಲಿ ಉಳಿದದ್ದು ಅಲ್ಲೇ ಹೋಯಿತು ಅಲ್ವಾ? ಮೆಜೆಸ್ಟಿಕ್, ಗಾಂಧಿನಗರದ ಕಡೆ ಗದ್ದಲ ಇದೆ, ಒಪ್ಪುತ್ತೇನೆ, ಆದರೆ ರೈಲು, ಕೆಎಸ್‌ಆರ್‌ಟಿಸಿ, ಸಿಟಿ ಬಸ್ಸು, ಮೆಟ್ರೊ ನಾಲ್ಕೂ ಕಾಲ್ನಡಿಗೆಯಲ್ಲಿವೆ. ಇನ್ನು ಆಟೋ. ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18, ಕೂರಿಸುವುದು ಮೂವರನ್ನು. ಐದು ಜನ ಅಂದರೆ ಎರಡು ಆಟೋ. ಹೋದ ಸಲ ನಿಮ್ಮ ದುಡ್ಡು ಕರಗಿದ್ದು ಇಲ್ಲೇ. ಅತ್ತೆಗೆ ಕಾಲು ನೋವು ಬಂದರೆ ಅತ್ತೆ, ನೀವು, ಮಗಳು ಆಟೋದಲ್ಲಿ ಹೋಗಿ, ಅಪ್ಪ ಮಗ ಬಸ್ಸಲ್ಲಿ ಬರಲಿ.

ಪ್ರಶ್ನೆ: ಬೆಂಗಳೂರಿಂದ ಒಂದು ದಿನ ಮೈಸೂರಿಗೆ ಹೋಗಿ ಬರಬೇಕು, ನಾವಿಬ್ಬರು ಮತ್ತು ಇಬ್ಬರು ಗಂಡು ಮಕ್ಕಳು. ಅಲ್ಲಿ ದಿನದ ಬಾಡಿಗೆಗೆ ಕಾರು ಮಾಡಲೇಬೇಕಾ?

ಉತ್ತರ: ಬೇಡ ಸರ್. ಸಿಟಿ ಬಸ್ ನಿಲ್ದಾಣ ಅರಮನೆ ಹತ್ತಿರವೇ ಇದೆ, ಚಾಮುಂಡಿ ಬೆಟ್ಟಕ್ಕೆ ಅಲ್ಲಿಂದಲೇ 201. ನಿಮ್ಮ ಮನೆಯವರಿಗೆ ಅಲ್ಲೂ ಸಾದಾ ಬಸ್ಸು ಫ್ರೀ. ಬೆಟ್ಟ ಬೆಳಗ್ಗೆಯೇ ಮುಗಿಸಿ, ಇಳಿದು ಬಂದು ಅರಮನೆ, ಆಮೇಲೆ ಝೂ. ಅದಕ್ಕೂ ಮಂಗಳವಾರವೇ ರಜೆ. 'ಎಲ್ಲ ತೋರಿಸ್ತೀನಿ' ಅನ್ನುವ ಆಟೋದವರು ಸಿಲ್ಕ್ ಅಂಗಡಿಯನ್ನೂ ತೋರಿಸುತ್ತಾರೆ, ಹುಷಾರು.

ಪ್ರಶ್ನೆ: ಮಗ ಲಂಡನ್ನಿನಲ್ಲಿದ್ದಾನೆ. ನಾನು, ಯಜಮಾನರು, ಮಗಳು, ಅವಳ ಮಕ್ಕಳು (9 ಮತ್ತು 12) ಹತ್ತು ದಿನಕ್ಕೆ ಹೋಗುತ್ತಿದ್ದೇವೆ. ಮಗನಿಗೆ ವಾರವಿಡೀ ಕೆಲಸ, ನಾವೇ ಓಡಾಡಬೇಕು. ಪಾಸ್ ಇಲ್ಲಿಂದಲೇ ಬುಕ್ ಮಾಡಬೇಕಾ? ನಮಗೆ ಅರವತ್ತು ದಾಟಿದೆ, ರಿಯಾಯಿತಿ ಇದೆಯಾ?

ಉತ್ತರ: ಅಮ್ಮಾ, ಅರವತ್ತರ ರಿಯಾಯಿತಿ ಅಲ್ಲೇ ವಾಸ ಇರುವವರಿಗೆ, ನಿಮಗೆ ಸಿಗಲ್ಲ. ಇಲ್ಲಿಂದ ಏನೂ ಬುಕ್ ಮಾಡಬೇಡಿ. ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ಅಥವಾ ಫಾರೆಕ್ಸ್ ಕಾರ್ಡ್ ಇದ್ದರೆ ಸಾಕು, ದಿನಕ್ಕೆ ಇಷ್ಟು ಅಂತ ಒಂದು ಮಿತಿ ಇದೆ, ಅದು ಮುಟ್ಟಿದ ಮೇಲೆ ಎಷ್ಟು ಓಡಾಡಿದರೂ ದುಡ್ಡು ಕಡಿಯಲ್ಲ. ಆದರೆ ತಲೆಗೊಂದು ಕಾರ್ಡ್ ಬೇಕು. ಬೆಳಗ್ಗೆ ಕಾರ್ಡು, ಸಂಜೆ ಅದನ್ನೇ ಫೋನಿನಲ್ಲಿ ಮುಟ್ಟಿಸಿದರೆ ಬೇರೆ ಬೇರೆ ಅಂತ ಲೆಕ್ಕ ಹಿಡಿಯುತ್ತದೆ, ಮಿತಿಯ ಲಾಭ ಹೋಯಿತು.

ಒಂಬತ್ತರ ಮೊಮ್ಮಗು ದೊಡ್ಡವರ ಜೊತೆ ಟ್ಯೂಬ್‌ನಲ್ಲೂ (ಅಲ್ಲಿನ ಮೆಟ್ರೊ) ಬಸ್ಸಲ್ಲೂ ಫ್ರೀ. ಹನ್ನೆರಡರದ್ದಕ್ಕೆ ಆಯ್ಸ್ಟರ್ ಅನ್ನುವ ಅಲ್ಲಿನ ಪ್ರಯಾಣದ ಕಾರ್ಡ್ ತಗೊಂಡು, ಟ್ಯೂಬ್ ಸ್ಟೇಷನ್ನಿನ ಸಿಬ್ಬಂದಿಗೆ ಹೇಳಿ 'ಯಂಗ್ ವಿಸಿಟರ್' ರಿಯಾಯಿತಿ ಹಾಕಿಸಿ. 14 ದಿನ ಅರ್ಧ ದರ. ಕೇಳದಿದ್ದರೆ ಯಾರೂ ತಾವಾಗಿ ಹಾಕಿಕೊಡಲ್ಲ.

ಅವಸರ ಇಲ್ಲದಿದ್ದರೆ ಬಸ್ಸೇ ಹತ್ತಿ, ಟ್ಯೂಬ್‌ಗಿಂತ ಅಗ್ಗ, ಒಂದು ಗಂಟೆಯೊಳಗೆ ಬೇರೆ ಬಸ್ಸು ಬದಲಿಸಿದರೂ ಒಂದೇ ದರ, ಮೇಲಿನ ಮಹಡಿಯ ಮುಂದಿನ ಸೀಟು ಸಿಕ್ಕರೆ ಊರೂ ಕಾಣುತ್ತದೆ. ಬಸ್ಸಲ್ಲಿ ನಗದು ತಗೊಳ್ಳಲ್ಲ. ಹತ್ತುವಾಗ ಒಂದೇ ಸಲ ಕಾರ್ಡ್ ಮುಟ್ಟಿಸಿ, ಇಳಿಯುವಾಗ ಬೇಡ. ಟ್ಯೂಬ್‌ನಲ್ಲಿ ಮಾತ್ರ ಹೊರಗೆ ಬರುವಾಗಲೂ ಮುಟ್ಟಿಸಬೇಕು, ಮರೆತರೆ ಜಾಸ್ತಿ ದರ ಕಡಿಯುತ್ತಾರೆ, ಯಜಮಾನರಿಗೆ ಇದನ್ನು ಎರಡು ಸಲ ಹೇಳಿ.