ಗ್ರಂಥಾಲಯದ ಲೆಕ್ಕಕ್ಕೆ ಯಾವ ಡೇಟಾಬೇಸ್?

ಪ್ರಶ್ನೆ: ಪುಟ್ಟ ಗ್ರಂಥಾಲಯವೊಂದರ ಪುಸ್ತಕ, ಸದಸ್ಯರು, ಎರವಲು ಕೊಟ್ಟ ವಿವರ ಎಲ್ಲವನ್ನೂ ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ. ಸಾಲುಗಳು ಹೆಚ್ಚಾದಂತೆ ತಪ್ಪುಗಳೂ ಜಾಸ್ತಿಯಾಗಿವೆ. ಸ್ವಲ್ಪ ಪೈಥಾನ್ ಗೊತ್ತು. ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್, ಮೊಂಗೋಡಿಬಿ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಮೊದಲು ನಿಮ್ಮ ಮಾಹಿತಿಯನ್ನೇ ನೋಡೋಣ. ಸದಸ್ಯರದ್ದು ಒಂದು ಪಟ್ಟಿ, ಪುಸ್ತಕಗಳದ್ದು ಇನ್ನೊಂದು. ಯಾರು ಯಾವ ಪುಸ್ತಕ ಒಯ್ದರು ಅನ್ನುವ ಮೂರನೆಯ ಪಟ್ಟಿ ಇವೆರಡನ್ನೂ ಜೋಡಿಸುತ್ತದೆ. ಇಂಥ ಮಾಹಿತಿಗೆ ಹೇಳಿ ಮಾಡಿಸಿದಂತಿರುವುದು ರಿಲೇಷನಲ್ ಮಾದರಿ, ಅಂದರೆ ಮಾಹಿತಿಯನ್ನು ಒಂದಕ್ಕೊಂದು ಜೋಡಿಸಿದ ಟೇಬಲ್‌ಗಳಲ್ಲಿ ಇಡುವ ಕ್ರಮ. ಐಬಿಎಂನ ಎಡ್ಗರ್ ಕಾಡ್ ಅದನ್ನು ಮುಂದಿಟ್ಟದ್ದು 1970ರಲ್ಲಿ. ನಿಮ್ಮ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಇವತ್ತಿಗೂ ಕಂಡಿಲ್ಲ. ಹಾಗಾಗಿ ಆ ಮಾದರಿಯದ್ದಲ್ಲದ ಮೊಂಗೋಡಿಬಿಯನ್ನು ಬಿಟ್ಟುಬಿಡಿ. ಒಂದೊಂದು ದಾಖಲೆಗೂ ಒಂದೊಂದು ಆಕಾರ ಇದ್ದಾಗ ಅದು ಚೆನ್ನ.

ಉಳಿದದ್ದು ಎರಡು. ಎಷ್ಟು ಸಾಲು ಇದೆ ಅನ್ನುವುದಕ್ಕಿಂತ ಒಂದೇ ಹೊತ್ತಿಗೆ ಎಷ್ಟು ಜನ ಬರೆಯುತ್ತಾರೆ ಅನ್ನುವುದು ಇಲ್ಲಿ ಮುಖ್ಯ. ಎಸ್‌ಕ್ಯೂಲೈಟ್‌ನಲ್ಲಿ ಇಡೀ ಡೇಟಾಬೇಸ್ ಒಂದೇ ಫೈಲ್. ಸರ್ವರ್ ಬೇಕಿಲ್ಲ. ಲಕ್ಷ ಸಾಲು ಅದಕ್ಕೆ ಹೊರೆಯೇ ಅಲ್ಲ. ಆದರೆ ಒಂದು ಸಲಕ್ಕೆ ಒಬ್ಬರೇ ಬರೆಯಬಹುದು. ಕೆಲಸವೆಲ್ಲ ಒಂದೇ ಕಂಪ್ಯೂಟರ್‌ನಲ್ಲಿ ನಡೆಯುವುದಾದರೆ ಕಣ್ಣುಮುಚ್ಚಿ ಇದನ್ನೇ ಹಿಡಿಯಿರಿ. ನಾಲ್ಕೈದು ಕಂಪ್ಯೂಟರ್‌ಗಳಿಂದ ಬರೆಯಬೇಕಾದರೆ ಪೋಸ್ಟ್‌ಗ್ರೆಸ್ ಹಾಕಿ. ಎಸ್‌ಕ್ಯೂಲೈಟ್ ಫೈಲನ್ನು ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು ಎಲ್ಲರೂ ತೆರೆಯೋಣ ಅಂತ ಮಾತ್ರ ಹೋಗಬೇಡಿ. ಫೈಲೇ ಕೆಟ್ಟುಹೋಗಬಹುದು.

ಎಸ್‌ಕ್ಯೂಲೈಟ್ ಆರಿಸಿಕೊಂಡರೆ ಇನ್ನೊಂದು ವಿಷಯ ನೆನಪಿರಲಿ. 57ನೇ ನಂಬರಿನ ಸದಸ್ಯರೇ ಇಲ್ಲ ಅಂದುಕೊಳ್ಳಿ. ಆ ನಂಬರಿಗೆ ಪುಸ್ತಕ ಕೊಟ್ಟಂತೆ ಬರೆದರೆ ಡೇಟಾಬೇಸ್ ತಡೆಯಬೇಕು, ಅಲ್ವಾ? ಫಾರಿನ್ ಕೀ, ಅಂದರೆ ಒಂದು ಟೇಬಲ್‌ನ ನಂಬರು ಇನ್ನೊಂದು ಟೇಬಲ್‌ನಲ್ಲಿ ಇರಲೇಬೇಕು ಅನ್ನುವ ಕಟ್ಟು, ಇರುವುದೇ ಅದಕ್ಕೆ. ಆದರೆ ಎಸ್‌ಕ್ಯೂಲೈಟ್‌ನಲ್ಲಿ ಈ ತಪಾಸಣೆ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಪ್ರತಿ ಸಲ ಕನೆಕ್ಷನ್ ತೆರೆದಾಗಲೂ ಪ್ರಾಗ್ಮಾ (ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಬದಲಿಸುವ ಆಜ್ಞೆ) ಕೊಟ್ಟು ಅದನ್ನು ಆನ್ ಮಾಡಬೇಕು. ಸಂಖ್ಯೆಯ ಕಾಲಂನಲ್ಲಿ ‘ನಾಳೆ’ ಅಂತ ಬರೆದರೂ ಅದು ಸುಮ್ನೆ ತೆಗೆದುಕೊಳ್ಳುತ್ತದೆ. ಟೇಬಲ್ ಮಾಡುವಾಗ ಕೊನೆಯಲ್ಲಿ ‘ಸ್ಟ್ರಿಕ್ಟ್’ (STRICT) ಅನ್ನುವ ಪದ ಸೇರಿಸಿದರೆ ಅದು ನಿಲ್ಲುತ್ತದೆ. 2021ರಿಂದ ಈ ಸೌಲಭ್ಯ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಈ ಎರಡೂ ಬಿಗಿ ಮೊದಲಿನಿಂದಲೇ ಇರುತ್ತವೆ.

ಫೋನ್ ನಂಬರನ್ನು ಟೆಕ್ಸ್ಟ್ ಆಗಿಯೇ ಇಡಿ. ಇಲ್ಲದಿದ್ದರೆ ಮೊದಲ ಸೊನ್ನೆ ಹಾರಿಹೋಗುತ್ತದೆ.

ಎಕ್ಸೆಲ್‌ನಿಂದ ತರುವಾಗ ಮೊದಲು ಸದಸ್ಯರು, ಆಮೇಲೆ ಪುಸ್ತಕಗಳು, ಕೊನೆಗೆ ಎರವಲು. ಸಾಲು ಸಾಲಾಗಿ ಸೇರಿಸಿ. ಡೇಟಾಬೇಸ್ ಒಪ್ಪದ ಸಾಲುಗಳನ್ನು ಬೇರೆ ಎತ್ತಿಡಿ. ಇಷ್ಟು ದಿನ ನಿಮ್ಮನ್ನು ಕಾಡಿದ ತಪ್ಪುಗಳಲ್ಲಿ ಬಹಳಷ್ಟು ಅಲ್ಲೇ ಸಿಗುತ್ತವೆ.